ರಾಣಿಯ ತವರಿನ ಹೆಸರು

ನನ್ನ ಹೆಸರು ಬರೆದ ಲಕೋಟೆಯೊಂದು ಅಂಚೆಯಲ್ಲಿ ಬಂದರೆ ಸಾಕು, ಒಳಗೆ ಏನಿದ್ದರೂ ನನಗೆ ಅಂದು ಹಬ್ಬ. ಇದೊಂದು ಚಟವೆಂದು ಒಪ್ಪಿಕೊಂಡುಬಿಡುತ್ತೇನೆ. ಕೆಲವರಿಗೆ ಎಲೆಯಡಿಕೆ, ಕೆಲವರಿಗೆ ಇಸ್ಪೀಟು, ನನಗೆ ಟಪಾಲು. ಎಂಬತ್ತರ ದಶಕದಲ್ಲಿ ಅಫಜಲಪುರದ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ, ಪತ್ರಿಕೆಯ ಮೂಲೆಯಲ್ಲಿ ‘ಉಚಿತ’ ಎಂಬ ಮೂರಕ್ಷರ ಕಂಡರೆ ನನ್ನ ಕೈ ತಾನಾಗಿಯೇ ಪೋಸ್ಟ್ ಕಾರ್ಡಿನತ್ತ ಹೋಗುತ್ತಿತ್ತು. ಹಾಗೆ ಬಿತ್ತನೆ ಬೀಜದ ಪಟ್ಟಿ, ಪಂಪ್‌ಸೆಟ್ಟಿನ ಚಿತ್ರಪುಸ್ತಕ, ಬೊಕ್ಕತಲೆಗೆ ಎಣ್ಣೆ ಮಾರುವವರ ಕರಪತ್ರ ಎಲ್ಲವನ್ನೂ ತರಿಸಿಕೊಂಡಿದ್ದೆ. ನನಗೆ ಹೊಲವಿರಲಿಲ್ಲ, ಬಾವಿಯಿರಲಿಲ್ಲ, ತಲೆಯಲ್ಲಿ ಕೂದಲಂತೂ ಆಗ ಬೇಕಾದಷ್ಟಿತ್ತು. ಆದರೆ ಪೋಸ್ಟ್‌ಮನ್ ಖಾಸೀಮಸಾಬರು ಓಣಿಯ ತುದಿಯಿಂದಲೇ “ಶಿವಶರಣಪ್ಪ ಮಾಸ್ತರ್!” ಎಂದು ಕೂಗಿದಾಗ ಅಕ್ಕಪಕ್ಕದ ನಾಲ್ಕು ಬಾಗಿಲುಗಳಲ್ಲಿ ನಾಲ್ಕು ತಲೆಗಳು ಇಣುಕುತ್ತಿದ್ದವಲ್ಲ, ಆ ಸುಖ ಬೇರೆ.

ಒಮ್ಮೆ ಹೀಗೇ ಕಾರ್ಡು ಬರೆದದ್ದಕ್ಕೆ ದಪ್ಪನೆಯ ಕಟ್ಟೊಂದು ಬಂತು. ಅಂಚೆಯ ಮೂಲಕ ಕ್ರೈಸ್ತ ಧರ್ಮದ ಪಾಠಗಳು. ಒಟ್ಟು ಹನ್ನೆರಡು ಪುಸ್ತಕ, ಕಟ್ಟಿನಲ್ಲಿದ್ದದ್ದು ಮೊದಲನೆಯದು. ನುಣುಪಾದ ಹಾಳೆ, ಬಣ್ಣಬಣ್ಣದ ಚಿತ್ರ: ಕಿರೀಟದ ರಾಜರು, ನೆಲಕ್ಕೆ ಹರಡುವ ಲಂಗದ ರಾಣಿಯರು, ಮಿದುವಾದ ರೆಕ್ಕೆಗಳ ದೇವದೂತರು. ಕಟ್ಟಿನ ಹರಿದ ತುದಿಯಿಂದ ದೇವದೂತನ ಚಿತ್ರ ಇಣುಕಿ ನೋಡಿದ್ದ ಖಾಸೀಮಸಾಬರು, “ಮಾಸ್ತರ್, ನಿಮ್ಮ ಮನಿಗಿ ಫರಿಶ್ತಾ ಬಂದಾನ್ರಿ. ಇವ ನಮ್ಮಲ್ಲೂ ಅದಾನ. ಜೋಪಾನ ಮಾಡ್ರಿ” ಎಂದು ಹೇಳಿ ಸೈಕಲ್ ಹತ್ತಿದರು. ಕರಾರು ಇಷ್ಟೇ: ಪ್ರತಿ ಪುಸ್ತಕದ ಕೊನೆಗೆ ಒಂದು ಪ್ರಶ್ನೆಪತ್ರಿಕೆ. ಉತ್ತರ ಬರೆದು ಕಳಿಸಿದರೆ ಮುಂದಿನ ಪುಸ್ತಕ ಬರುತ್ತದೆ. ಹನ್ನೆರಡೂ ಮುಗಿಸಿದವರಿಗೆ ಪ್ರಮಾಣಪತ್ರ.

ಇಲ್ಲಿ ತೊಡಕು ಬಂತು. ನನಗೆ ಬೇಕಾದದ್ದು ಉಳಿದ ಹನ್ನೊಂದು ಲಕೋಟೆಗಳೇ ಹೊರತು ಪಾಠಗಳಲ್ಲ. ದಿನವಿಡೀ ಮಕ್ಕಳ ಉತ್ತರ ತಿದ್ದುವವನು ಮನೆಗೆ ಬಂದು ತಾನೇ ಉತ್ತರ ಬರೆಯುವುದೆಂದರೆ ಹೇಗೆ? ಪುಸ್ತಕವನ್ನು ನನ್ನ ಹೆಂಡತಿ ಶರಣಮ್ಮನ ಮುಂದಿಟ್ಟೆ. ಆಕೆ ಆಳಂದ ತಾಲೂಕಿನ ಖಜೂರಿಯಲ್ಲಿ ಏಳನೆಯ ಇಯತ್ತೆ ಪಾಸಾದವಳು. ಶರಣಮ್ಮ ಎಂಬುದು ಮದುವೆಯ ದಿನ ನಮ್ಮ ಅವ್ವ ಇಟ್ಟ ಹೆಸರು. ಸೊಸೆ ಹೊಸ್ತಿಲು ದಾಟಿ ಬಂದರೆ ಹೆಸರನ್ನೂ ಹೊಸದಾಗಿ ಇಡುವುದು ನಮ್ಮ ಮನೆಯ ರೂಢಿ.

“ನಾವು ಲಿಂಗಾ ಕಟ್ಟಿದವರು, ಓದಿದ್ರ ನಡೀತದೇನ್ರಿ?” ಎಂದು ಆಕೆ ಒಮ್ಮೆ ಕೇಳಿದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಮೂರನೆಯ ಪುಟದಲ್ಲಿದ್ದಳು. ಆಮೇಲೆ ರೊಟ್ಟಿ ಬಡಿಯುವಾಗಲೂ ಪುಸ್ತಕ ಹಿಟ್ಟಿನ ಡಬ್ಬಿಗೆ ಒರಗಿ ನಿಂತಿರುತ್ತಿತ್ತು. ಓದಿದ್ದನ್ನು ಸುಮ್ಮನೆ ಒಪ್ಪುವ ಜಾತಿಯೂ ಅಲ್ಲ ಆಕೆ. “ಈ ದೇವದೂತರು ಎಲ್ಲಿ ಬಂದ್ರೂ ಮೊದಲಿಗಿ ಹೆದರಬ್ಯಾಡ ಅಂತಾರ. ಬಾಗಿಲಾ ಬಡದು ಬಂದ್ರ ಯಾರು ಯಾಕ ಹೆದರ್ತಾರ್ರಿ?” ಎನ್ನುವಳು. ನಮ್ಮ ಶಾಲೆಗೆ ತಪಾಸಣೆಗೆ ಬರುವ ಸಾಹೇಬರೂ ಧುತ್ತೆಂದು ಬಂದು ನಿಂತು ಇದೇ ಮಾತು ಹೇಳುತ್ತಿದ್ದುದು ನನಗೆ ನೆನಪಾಯಿತು.

ಉತ್ತರಗಳನ್ನೆಲ್ಲ ಆಕೆ ಬರೆದರೂ ಹೆಸರಿನ ಜಾಗವನ್ನು ಮಾತ್ರ ಖಾಲಿ ಬಿಡುತ್ತಿದ್ದಳು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹಬ್ಬ, ಸೀಮಂತಗಳಲ್ಲಿ ನಾಲ್ಕು ಜನ ಗಂಟುಬಿದ್ದು ಕೇಳಿದರೆ ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳುತ್ತಾರೆ, ಅಷ್ಟೆ. “ಬಾಯಿಲೆ ಹೇಳಬಾರ್ದು ಖರೆ, ಕೈಲೆ ಬರದ್ರ ಏನಾಗ್ತದ?” ಎಂದು ನಾನು ಕೇಳಿದ್ದಕ್ಕೆ, “ಪರೀಕ್ಷಾ ಪೇಪರಿನಾಗ ಒಡಪು ಬರೀಲೇನು? ನಿಮ್ಮ ಹೆಸರು ನೀವೇ ಬರ್ಕೋರಿ” ಎಂದಳು. ಹಾಗಾಗಿ ಹನ್ನೊಂದು ಪತ್ರಿಕೆಗಳಲ್ಲಿ ನನ್ನ ಹೆಸರನ್ನು ಮುತ್ತಿನಂಥ ಅಕ್ಷರಗಳಲ್ಲಿ ನಾನೇ ಬರೆದೆ. ಆ ಪಾಠಗಳಿಗಾಗಿ ನಾನು ಪಟ್ಟ ಶ್ರಮ ಅಷ್ಟೇ. ಹನ್ನೆರಡನೆಯದರ ಹೊತ್ತಿಗೆ ನಾನು ತರಬೇತಿಗೆಂದು ಜೇವರ್ಗಿಗೆ ಹೋಗಿದ್ದೆ. ಆಕೆ ಹೆಸರಿಲ್ಲದ ಪತ್ರಿಕೆಯನ್ನೇ ಮಡಚಿ ಖಾಸೀಮಸಾಬರ ಕೈಗೆ ಕೊಟ್ಟುಬಿಟ್ಟಳಂತೆ.

ಇತ್ತ ನಾನು ಶಾಲೆಯಲ್ಲಿ ಸುಮ್ಮನಿರಬೇಕೋ ಬೇಡವೋ? ಪ್ರತಿ ಪತ್ರಿಕೆಗೂ ನೂರಕ್ಕೆ ತೊಂಬತ್ತರ ಮೇಲೆ ಗುಣ ಬಂದ ಚೀಟಿಗಳನ್ನು ಮಾಸ್ತರರ ಕೋಣೆಯಲ್ಲಿ ಎಲ್ಲರಿಗೂ ತೋರಿಸಿದ್ದೆ. ಹೆಡ್‌ಮಾಸ್ತರರು ಖುಷಿಯಾಗಿ, ಪ್ರಮಾಣಪತ್ರ ಬಂದರೆ ಕಟ್ಟು ಹಾಕಿಸಿ ಆಫೀಸಿನಲ್ಲೇ ತೂಗುಹಾಕೋಣವೆಂದು ಗೋಡೆಗೆ ಮೊಳೆ ಹೊಡೆಸಿಬಿಟ್ಟರು. ದಿನಾ ಹಾಜರಿಗೆ ಸಹಿ ಮಾಡುವಾಗ ಆ ಖಾಲಿ ಮೊಳೆಯನ್ನು ಕಣ್ತುಂಬ ನೋಡಿ ಬರುತ್ತಿದ್ದೆ.

ಒಂದು ಶನಿವಾರ ಮಧ್ಯಾಹ್ನ ಲಕೋಟೆಯ ಬದಲು ಮನುಷ್ಯರೇ ಬಂದರು. ದೇವದಾನಪ್ಪ ಎಂದು ಹೆಸರು, ನಿವೃತ್ತ ಹೆಡ್‌ಮಾಸ್ತರರು, ಆ ಪಾಠಗಳ ಉತ್ತರ ತಿದ್ದುವವರು. ಬಿಳಿ ಅಂಗಿ, ಹೆಗಲಿಗೆ ಚೀಲ, ಕೈಯಲ್ಲಿ ಕೊಡೆ, ಬಗಲಲ್ಲಿ ಸುರುಳಿ ಸುತ್ತಿದ ದಪ್ಪ ಕಾಗದ. ಚೌಡಾಪುರದ ದಾರಿಯ ಬಸ್ಸಿನ ಧೂಳೆಲ್ಲ ಅವರ ಮೇಲಿತ್ತು. ಮಂಚದ ಮೇಲೆ ಕೂತು ಚಹಾ ಕುಡಿದು, “ಮಾಸ್ತರ್ರೆ, ಆರನೇ ಪಾಠದಾಗ ರಾಣಿ ಬಗ್ಗೆ ಬರ್ದಿದ್ದು ಓದಿ ನಮ್ಮ ಆಫೀಸಿನಾಗ ಎಲ್ಲಾರೂ ನಕ್ಕೇವಿ, ತಲಿನೂ ದೂಗೇವಿ. ರಾಜಗ ತನ್ನ ಮಾತು ಹೇಳೂ ಮೊದಲ ರಾಣಿ ಅವನಿಗಿ ಊಟಕ್ಕ ಯಾಕ ಕರದ್ಳು? ಇನ್ನೊಮ್ಮಿ ನಿಮ್ಮ ಬಾಯಿಲೆ ಕೇಳಬೇಕಂತ ಬಂದೀನಿ” ಎಂದರು.

ನನಗೆ ಆ ರಾಣಿ ಯಾರು, ಆ ರಾಜ ಯಾರು, ಒಂದೂ ಗೊತ್ತಿಲ್ಲ. ಆದರೂ ಮಾಸ್ತರನಲ್ಲವೇ, ಗೊತ್ತಿಲ್ಲದ್ದನ್ನು ಎರಡು ನಿಮಿಷ ಮಾತಾಡುವ ಅಭ್ಯಾಸವಿದೆ. ರಾಜಮನೆತನದ ಘನತೆ, ಅತಿಥಿ ಸತ್ಕಾರ, ಸ್ತ್ರೀಯರ ಸಹನೆ ಎಂದೆಲ್ಲ ಹೇಳುತ್ತ ಹೋದೆ. ದೇವದಾನಪ್ಪನವರು ಪಾಪ, ತಲೆ ತಗ್ಗಿಸಿ ಕೇಳುತ್ತಿದ್ದರು. ಅಡುಗೆಮನೆಯ ಬಾಗಿಲ ಹಿಂದಿನಿಂದ ತಡೆಯಲಾರದ ದನಿಯೊಂದು ಬಂತು: “ಹಸದ ಗಂಡಸಿನ ಮುಂದ ಯಾವ ಮಾತೂ ತೆಗೀಬಾರ್ದ್ರಿ. ಹೊಟ್ಟಿ ತುಂಬಿದ ಮ್ಯಾಲ ಕೇಳಿದ್ರ, ರಾಜ ಇರ್ಲಿ, ಮಾಸ್ತರ ಇರ್ಲಿ, ಇಲ್ಲ ಅನ್ನಂಗಿಲ್ಲ.”

ನನಗೆ ಹಳೆಯ ಶೇಂಗಾ ಹೋಳಿಗೆಗಳೆಲ್ಲ ಒಮ್ಮೆಲೇ ನೆನಪಾದವು. ಹೊಲಿಗೆ ಯಂತ್ರ ಕೇಳಿದ ದಿನ ಶೇಂಗಾ ಹೋಳಿಗೆ. ತಿಂಗಳುಗಟ್ಟಲೆ ತವರಿಗೆ ಹೋಗುತ್ತೇನೆಂದ ದಿನವೂ ಶೇಂಗಾ ಹೋಳಿಗೆ. ನಾನು ಒಂದು ಸಲವೂ ಇಲ್ಲವೆಂದಿರಲಿಲ್ಲ.

ದೇವದಾನಪ್ಪನವರ ಮುಖ ಅರಳಿತು. ಚೀಲದಿಂದ ಹನ್ನೆರಡೂ ಉತ್ತರಪತ್ರಿಕೆಗಳನ್ನು ತೆಗೆದು ಮಂಚದ ಮೇಲೆ ಹರವಿದರು. “ತಪ್ಪು ತಿಳ್ಕೋಬ್ಯಾಡ್ರಿ. ಮೂವತ್ತು ವರ್ಷ ಪೇಪರ್ ತಿದ್ದಿದ ಕಣ್ಣಿವು. ಹನ್ನೊಂದರಾಗ ಹೆಸರು ಒಂದು ಕೈದು, ಉತ್ತರ ಇನ್ನೊಂದು ಕೈದು. ಹನ್ನೆರಡನೇದ್ರಾಗ ಹೆಸರೇ ಇಲ್ಲ. ಸರ್ಟಿಫಿಕೇಟು ಬರ್ದವರಿಗಿ ಕೊಡಬೇಕಲ್ರಿ” ಎಂದು ಸುರುಳಿ ಬಿಚ್ಚಿದರು. ಬಂಗಾರದ ಬಣ್ಣದ ಅಂಚು, ಎರಡೂ ಬದಿಗೆ ರೆಕ್ಕೆ ಚಾಚಿದ ದೇವದೂತರು, ನಡುವೆ ಹೆಸರಿಗೆಂದು ಬಿಟ್ಟ ಖಾಲಿ ಗೆರೆ. ಅವರು ಪೆನ್ನಿನ ಟೊಪ್ಪಿಗೆ ತೆಗೆದು ನನ್ನ ಮುಖ ನೋಡಿದರು.

ಸುಳ್ಳು ಹೇಳುವುದಿಲ್ಲ, ಆ ಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ಹೆಂಡತಿಯಲ್ಲ, ಆಫೀಸಿನ ಮೊಳೆ. ಆದರೆ ಬಾಗಿಲ ಹಿಂದೆ ಬಳೆಯ ಸದ್ದೂ ಇಲ್ಲದಷ್ಟು ಮೌನವಿತ್ತು. ಆಕೆ ಉಸಿರು ಹಿಡಿದು ನಿಂತಿದ್ದಾಳೆಂದು ಗೊತ್ತಾಗಿ ನನಗೆ ನಾಚಿಕೆಯಾಯಿತು. ಗಂಟಲು ಸರಿಪಡಿಸಿಕೊಂಡು, ದೊಡ್ಡ ತ್ಯಾಗ ಮಾಡುವವನ ಗತ್ತಿನಲ್ಲಿ, “ಬರೀರಿ. ಶರಣಮ್ಮ” ಎಂದೆ.

“ಅದು ನಿಮ್ಮ ಅವ್ವ ಇಟ್ಟ ಹೆಸರು” ಎಂದಿತು ಬಾಗಿಲು. ಈ ಸಲ ಆಕೆ ಸೆರಗು ಸರಿಪಡಿಸಿಕೊಂಡು ಹೊರಗೇ ಬಂದಳು. “ಸಾಲಿ ಕಲ್ತಿದ್ದು ನಮ್ಮಪ್ಪ ಇಟ್ಟ ಹೆಸರಿಲೆ. ಇದೂ ಅದೇ ಹೆಸರಿಲೆ ಇರ್ಲಿ. ಹೇಳ್ರಿ ಅವರಿಗಿ.”

ಇಬ್ಬರೂ ನನ್ನನ್ನೇ ನೋಡಿದರು. ಹೇಳಬೇಕಲ್ಲ! ಹನ್ನೆರಡು ವರ್ಷದ ಹಿಂದೆ ಲಗ್ನಪತ್ರಿಕೆಯಲ್ಲಿ ಓದಿದ್ದ ಹೆಸರು. ಆಮೇಲೆ ಈ ಮನೆಯಲ್ಲಿ ಅದನ್ನು ಯಾರೂ ಕೂಗಿಲ್ಲ. ನಾನಂತೂ “ಏ, ಇಲ್ಲಿ ಕೇಳ” ಎಂಬುದರ ಮೇಲೆಯೇ ಸಂಸಾರ ನಡೆಸಿದವನು. “ಸು...” ಎಂದೆ. ಸುಮಿತ್ರಾ? ಸುಲೋಚನಾ? ಮುಂದೆ ಹೊಳೆಯಲಿಲ್ಲ. ಆಕೆ ಸಹಾಯಕ್ಕೆ ಬರಲಿಲ್ಲ. ಮುಖ ಸಣ್ಣದಾಗಿತ್ತು.

ದೇವದಾನಪ್ಪನವರು ಮೆಲ್ಲಗೆ, “ಆ ರಾಣಿಗೂ ಎರಡು ಹೆಸರಿದ್ವು ಮಾಸ್ತರ್ರೆ. ಅರಮನಿದೊಂದು, ತವರು ಮನಿದೊಂದು. ಆರನೇ ಪಾಠದ ಮೊದಲನೇ ಪ್ರಶ್ನಿ ಅದೇ” ಎಂದರು.

“ಸುಗಲಾಬಾಯಿ” ಎಂದಳು ಆಕೆ. ದೇವದಾನಪ್ಪನವರು ದುಂಡಗೆ ಬರೆದು, ಎದ್ದು ನಿಂತು, ಎರಡೂ ಕೈಯಿಂದ ಅದನ್ನು ಆಕೆಗೆ ಕೊಟ್ಟರು. ಆಕೆ ಕಣ್ಣಿಗೊತ್ತಿಕೊಂಡಳು. ಗಣಿತದ ಪರೀಕ್ಷೆಯಲ್ಲಿ ಎಂದೋ ನಪಾಸಾದಾಗಲೂ ನಾನು ಅಷ್ಟು ಸಣ್ಣವನಾಗಿರಲಿಲ್ಲ.

ಪ್ರಮಾಣಪತ್ರ ನಮ್ಮ ಪಡಸಾಲೆಯ ಗೋಡೆಗೇರಿತು. ಶಾಲೆಯ ಮೊಳೆಗೆ ಹೆಡ್‌ಮಾಸ್ತರರು ತಮ್ಮ ಟೊಪ್ಪಿಗೆ ತೂಗುಹಾಕತೊಡಗಿದರು. ಮರುದಿನ ಮಧ್ಯಾಹ್ನ ತಟ್ಟೆಯಲ್ಲಿ ಶೇಂಗಾ ಹೋಳಿಗೆ ಬಂದಾಗ ನಾನು ಏನೂ ಕೇಳದೆ ತಿಂದೆ. ಕೈ ತೊಳೆಯುವಷ್ಟರಲ್ಲಿ ಎದುರಿಗೆ ಒಂದು ಪೋಸ್ಟ್ ಕಾರ್ಡು ಬಂತು. “ಎರಡನೇ ಪಾಠಮಾಲಿನೂ ಅದ ಅಂತ. ನನ್ನ ಹೆಸರಿಲೆ ಬರೀರಿ. ನಿಮ್ಮ ಕೈಲೇ ಬರೀರಿ, ಮರಿಯಂಗಿಲ್ಲ.”

ಅಂದಿನಿಂದ ಖಾಸೀಮಸಾಬರು ಓಣಿಯ ತುದಿಯಿಂದ “ಸುಗಲಾಬಾಯಾರ!” ಎಂದು ಕೂಗುತ್ತಿದ್ದರು, ನಾಲ್ಕು ಬಾಗಿಲುಗಳಲ್ಲಿ ನಾಲ್ಕು ತಲೆಗಳು ಇಣುಕುತ್ತಿದ್ದವು. ಲಕೋಟೆಯ ಮೇಲೆ ನನ್ನ ಹೆಸರೂ ಇರುತ್ತಿತ್ತು, ಇಲ್ಲವೆನ್ನುವಂತಿಲ್ಲ. ಆಕೆಯ ಹೆಸರಿನ ಕೆಳಗೆ, ‘ಕೇರ್ ಆಫ್’ ಎಂಬುದರ ಮುಂದೆ, ಸಣ್ಣಗೆ. ಆಕೆ ಕಳಿಸುವ ಉತ್ತರಗಳ ವಿಳಾಸದಲ್ಲಿ ಅದನ್ನೂ ನಾನೇ ಬರೆಯಬೇಕಿತ್ತು. ಗಂಡನ ಹೆಸರನ್ನು ಆಕೆ ಬರೆಯುವುದಿಲ್ಲವಲ್ಲ.