ಎಂಟು ಸೀರೆಯ ಬೇಲಿ

ಹೊಳಗುಂದದ ಬರಡು ಮಣ್ಣಿಗೆ ಒಂದೇ ವರ್ಷದಲ್ಲಿ ಮರುಜೀವ ಕೊಡುತ್ತೇನೆಂದು ಶಪಥ ಮಾಡಿದೆ! ಶಪಥ ನನ್ನದು, ಮಣ್ಣು ಭೀಮಲಿಂಗಪ್ಪನವರದು. ಗುತ್ತಿಗೆಗೆ ಹಿಡಿದ ನಾಲ್ಕೆಕರೆಯನ್ನು ಹನ್ನೆರಡು ತುಂಡು ಮಾಡಿ, ಮೂವತ್ತು ಕುರಿಗಳನ್ನು ದಿನಕ್ಕೊಂದು ತುಂಡಿನಲ್ಲಿ ಮೇಯಿಸಿ, ಮೇಯ್ದ ನೆಲಕ್ಕೆ ವಿಶ್ರಾಂತಿ ಕೊಡುವುದು. ಹಿಕ್ಕೆ ಬಿದ್ದು ಭೂಮಿ ತಾನೇ ಹಸನಾಗುತ್ತದೆ. ಇದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿದೆ. ಯೂಟ್ಯೂಬಿನಲ್ಲಿ ಕೇಳಿ, ಬಾಯಿಪಾಠ ಮಾಡಿ, ಹೆಂಡತಿ ಶೋಭಾರಾಣಿಗೆ ಒಪ್ಪಿಸಿದೆ.

ಅವಳು ಕುರಿ ಸಾಕುವವರ ಮಗಳು. "ನಮ್ಮಪ್ಪ ಸುತ್ತ ಬಲೆ ಕಟ್ಟಿ ದಿನಾ ಒಂದೊಂದು ಹೊಲದಾಗ ಗೊಬ್ಬರಕ್ಕಂತ ಕುರಿ ತರುಬ್ತಿದ್ದ. ಪಾಪ, ಅದಕ್ಕ ಇಂಗ್ಲಿಷ್ ಹೆಸರೈತಿ ಅಂತ ಆತಗ ಗೊತ್ತಿದ್ದಿಲ್ಲ!" ಎಂದಳು.

ಭೀಮಲಿಂಗಪ್ಪನವರ ಷರತ್ತು ಒಂದೇ. ಪಕ್ಕದ ಹೊಲ ಅವರ ತಂಗಿ ಉಚ್ಚಮ್ಮನದು. ಅಲ್ಲಿಯ ಶೇಂಗಾಕ್ಕೆ ನನ್ನ ಕುರಿ ಬಾಯಿ ಹಾಕಿದರೆ ಗುತ್ತಿಗೆ ಖಲಾಸ್! ವರ್ಷ ತುಂಬಿದ ದಿನ ಖುದ್ದಾಗಿ ಬಂದು ನೋಡಿ, ಮುಂದುವರಿಸುವುದೋ ಬೇಡವೋ ಹೇಳುವವರಿದ್ದರು.

ಸರಿಯಾಗಿ ಅದೇ ದಿನ ನನ್ನ ಕುರಿಗಳ ಸುತ್ತ ಕಟ್ಟಿದ್ದ ಬಲೆ ಹರಿಯಿತು. ಹೊಸದಕ್ಕೆ ಆದೋನಿಗೆ ಹೋಗಲು ಹೊತ್ತಿಲ್ಲ. ನಮ್ಮ ಕಡೆ ಕಾಡುಹಂದಿ ಬೆದರಲೆಂದು ಹೊಲದ ಸುತ್ತ ಸೀರೆ ಕಟ್ಟುತ್ತಾರಲ್ಲ! ಶೋಭಾರಾಣಿ ಹಾಲಹರವಿಗೆ ಅಕ್ಕನ ಮೊಮ್ಮಗಳ ತೊಟ್ಟಿಲಿಗೆ ಹೋಗಿದ್ದಳು. ಅವಳ ದಿನಬಳಕೆಯ ಎಂಟು ಸೀರೆಗಳನ್ನು ಉಚ್ಚಮ್ಮನ ಕಡೆಯ ಬದುವಿಗೆ ಗೂಟ ನೆಟ್ಟು ಕಟ್ಟಿಯೇಬಿಟ್ಟೆ. ಬೇಲಿಯಲ್ಲ, ಕೋಟೆ!

ಕುರಿಗಳು ಬೆದರಲಿಲ್ಲ, ಕುಣಿದಾಡಿದವು! ಅವಳು ದಿನಾ ಉಡಿಯಲ್ಲಿ ಜೋಳದ ನುಚ್ಚು ಕಟ್ಟಿಕೊಂಡು ಬಂದು ತಿನ್ನಿಸುವ ಸೀರೆಗಳು ಅವು. ಎಂಟು ಜನ ಶೋಭಾರಾಣಿಯರು ಸಾಲಾಗಿ ನಿಂತಂತೆ ಕಂಡಿರಬೇಕು. ಮೂವತ್ತೂ ನುಗ್ಗಿ, ಸೀರೆಯ ಮಡಿಕೆಗಳಲ್ಲಿ ಮೂತಿ ತೂರಿಸಿ ನುಚ್ಚು ಹುಡುಕಿದವು. ಗೂಟಗಳು ಮಲಗಿದವು. ಎದುರಿಗೆ ಹಸಿರು ಶೇಂಗಾ, ಮೂವತ್ತೂ ಬದು ದಾಟಿ ಒಳಗಿಳಿದವು! ಕೂಗಿದೆ, ಬೈದೆ, ಕೈಮುಗಿದೆ. ಒಂದೂ ನನ್ನ ಕಡೆ ತಿರುಗಲಿಲ್ಲ.

ಹೆಂಡತಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ನನ್ನ ಸೀರಿ ಕಟ್ಟೀರೇನ್ರಿ?" ಎಂದಳು. "ಸರಿ, ಒಂದನ್ನ ಉಟ್ಕೊಳ್ರಿ. ತಲಿ ಮ್ಯಾಲ ಸೆರಗು ಹೊದ್ದು, ಉಡ್ಯಾಗ ನುಚ್ಚು ಹಾಕ್ಕೊಂಡು ನಮ್ಮ ಹೊಲದ ಕಡಿ ನಡೀರಿ. ಬಾಯಿ ಮಾತ್ರ ಬಿಡಬ್ಯಾಡ್ರಿ, ನಿಮ್ಮ ದನಿ ಕೇಳಿದ್ರ ಓಡ್ತಾವ."

"ನಾನು? ಸೀರೆ?"

"ಗುತ್ತಿಗಿ ಬೇಕೋ, ಮೀಸಿ ಬೇಕೋ?"

ಉಟ್ಟೆ. ನಡೆದೆ. ಮೂವತ್ತೂ ಸದ್ದಿಲ್ಲದೆ ಹಿಂದೆ ಬಂದವು! ಹೊಟ್ಟೆಕಿಚ್ಚಾಯಿತು. ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಪ್ರೀತಿ ಉಕ್ಕಿತು. ಕೊನೆಯ ಮರಿ ಬದು ದಾಟಿ ನಮ್ಮ ಹೊಲಕ್ಕೆ ಇಳಿಯುವುದಕ್ಕೂ ಮೊಪೆಡ್ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಭೀಮಲಿಂಗಪ್ಪ! ಪುಣ್ಯಕ್ಕೆ ಅವರ ಕಣ್ಣು ಅಷ್ಟಕ್ಕಷ್ಟೇ. ನಾನು ಮುಖ ತಿರುಗಿಸಿ ನಿಂತೆ.

ಅವರು ಬಗ್ಗಿ ಒಂದು ಹೆಂಟೆ ಎತ್ತಿ ಹಿಸುಕಿದರು. ಪುಡಿಪುಡಿಯಾಯಿತು.

"ಭಲೇ ಶೋಭಮ್ಮಾ! ಮಣ್ಣು ಚಾಲಾ ಬಾಗಾ, ಭಾಳ ಚಲೋ ಮಾಡೀಯವ್ವ! ಇನ್ನ ಮೂರು ವರ್ಷ ಹೊಲ ನಿಂದೇ." ಬಿದ್ದಿದ್ದ ಗೂಟಗಳನ್ನೂ ಸೀರೆಗಳನ್ನೂ ನೋಡಿ ದನಿ ತಗ್ಗಿಸಿದರು. "ಆದ್ರ ಒಂದು ಮಾತವ್ವಾ. ಈ ಬೇಲಿ ಕಟ್ಟಿದ ನಿನ್ನ ಗಂಡನ್ನ ಮಾತ್ರ ಇತ್ಲಾಗ ಬಿಡಬ್ಯಾಡ. ಏನಂತಿ?"

ನಾನು ಸೆರಗನ್ನು ಮೀಸೆಯ ತನಕ ಎಳೆದುಕೊಂಡು, ಆಗಲಿ ಎಂದು ತಲೆಯಾಡಿಸಿದೆ.