ಕಿಡ್ನಿಯಿಲ್ಲದ ನೊಣಗಳು

ಭರಮವ್ವನ ಚಹದ ಬಸಿಯಲ್ಲಿ ಎಳ್ಳುಕಾಳಿನಷ್ಟು ನೊಣವೊಂದು ಬಿದ್ದು ಸತ್ತದ್ದೇ ಗನಿಯ ಗ್ರಹಚಾರಕ್ಕೆ ಮೂಲ.

ಗನಿ ಬೆಳಗಾವಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕ. ಟಿಳಕವಾಡಿಯಲ್ಲಿ ಭರಮವ್ವನ ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದ. ಎಂಬತ್ತೆಂಟರ ಆ ಬೇಸಿಗೆಯಲ್ಲಿ ಪ್ರಯೋಗಾಲಯಕ್ಕೆ ಸುಣ್ಣ ಬಳಿಯುತ್ತಿದ್ದರೆಂದು ತನ್ನ ಹಣ್ಣಿನ ನೊಣಗಳ ಬಾಟಲಿಗಳನ್ನೆಲ್ಲ ಖೋಲಿಗೆ ತಂದಿಟ್ಟಿದ್ದ.

ಅವು ಅಂತಿಂಥ ನೊಣಗಳಲ್ಲ. ನಮಗೆ ಕಿಡ್ನಿ ಇದ್ದಂತೆ ನೊಣಕ್ಕೆ ಕೂದಲೆಳೆಯಂಥ ಕೊಳವೆಗಳಿರುತ್ತವೆ. ಗನಿಯ ತಳಿಯಲ್ಲಿ ಒಂದು ಜೀನ್ ಕೆಟ್ಟಿತ್ತು. ಇಟ್ಟ ನಾಲ್ಕು ತತ್ತಿಗಳಲ್ಲಿ ಒಂದರೊಳಗೆ ಕೊಳವೆ ಮೂಡುತ್ತಲೇ ಇರಲಿಲ್ಲ. ಭ್ರೂಣ ತತ್ತಿಯಲ್ಲೇ ಸಾಯುತ್ತಿತ್ತು. ಬದುಕಿದವುಗಳಲ್ಲಿ ಹೆಚ್ಚಿನವು ಕೆಟ್ಟ ಜೀನನ್ನು ಒಳಗೇ ಹೊತ್ತು ಮುಂದಿನ ಪೀಳಿಗೆಗೆ ದಾಟಿಸುತ್ತಿದ್ದವು. ಕೊಳವೆ ಕಟ್ಟುವ ಹುಕುಂ ಆ ಜೀನಿನದೇ ಎಂದು ತೋರಿಸಿದರೆ ಪಿಎಚ್.ಡಿ. ಕೈಗೆ ಬರುತ್ತಿತ್ತು. ವರ್ಷಗಟ್ಟಲೆ ಹುಡುಕಿ ಹಿಡಿದ ತಳಿ. ಮರುದಿನವೇ ಅದನ್ನು ನೋಡಲು ಧಾರವಾಡದಿಂದ ಅವನ ಗೈಡ್ ಬರುವವರಿದ್ದರು.

ಮಧ್ಯಾಹ್ನ ಗನಿ ಮನೆಗೆ ಬಂದಾಗ ಬಾಟಲಿಗಳೆಲ್ಲ ಅಂಗಳದಲ್ಲಿ ಬೋರಲಾಗಿ, ಮದುವೆಮನೆಯ ಲೋಟಗಳಂತೆ ಥಳಥಳ ಹೊಳೆಯುತ್ತಿದ್ದವು.

"ಏನ್ರಿ ಮಾಸ್ತರ, ಬಾಳಿಹಣ್ಣು ಕೊಳಸಿ ಹುಳಾ ಬೀಳಿಸೀರಲ್ಲ! ಎಲ್ಲಾ ಕುದಿಯೂ ನೀರಾಗ ತೊಳದೇನಿ," ಎಂದಳು ಭರಮವ್ವ.

ಬಾಜು ಮನೆಯ ಬಾಳಾಸಾಹೇಬ ತಿಗಣೆ ಔಷಧದ ಪಂಪು ಹಿಡಿದು, ಹುಲಿ ಹೊಡೆದವನಂತೆ ನಿಂತಿದ್ದ. "ಹಾರಿದ್ದು ಒಂದನ್ನೂ ಬಿಟ್ಟಿಲ್ಲ ನೋಡ್ರಿ ಗನಿಸಾಹೇಬ!"

"ಅವು ನನ್ನ ನೊಣ್ರೀ!" ಗನಿ ಚೀರಿದ. "ಅವಕ್ಕ ಕಿಡ್ನಿ..."

"ಅಯ್ಯ, ಕಿಡ್ನಿ ಬ್ಯಾನಿನೂ ಇತ್ತೇನು ಅವಕ್ಕ?" ಭರಮವ್ವ ಸೆರಗಿಗೆ ಕೈ ಒರೆಸಿಕೊಂಡಳು. "ಚಲೋನ ಆತು ಬಿಡ್ರಿ. ನಮಗ ಅಂಟಿದ್ರ?"

ಗನಿಗೆ ಆಗ ಖಾನಾಪುರದ ಉಳವಪ್ಪ ನೆನಪಾದ. ಹಳೆಯ ಸಹಪಾಠಿ, ಅಲ್ಲಿ ಶಾಲೆಯೊಂದರ ವಿಜ್ಞಾನ ಮಾಸ್ತರ. ಹೆಚ್ಚುಕಮ್ಮಿಯಾದರೆ ಇರಲೆಂದು ಹೋದ ವರ್ಷ ಅದೇ ತಳಿಯ ಒಂದು ಬಾಟಲಿಯನ್ನು ಅವನಲ್ಲಿ ಇಟ್ಟು ಬಂದಿದ್ದ. ಗನಿ ಓಡಿ ಬಸ್ಸು ಹಿಡಿದ. ದೇಸೂರಿನ ಹತ್ತಿರ ಅದರ ಟಾಯರು ಒಡೆಯಿತು. ಹೆಂಚು ಇಳಿಸಿ ಮರಳುತ್ತಿದ್ದ ಲಾರಿ ಹತ್ತಿದ. ಖಾನಾಪುರದಲ್ಲಿ ಇಳಿದಾಗ ಅಡಿಯಿಂದ ಮುಡಿಯವರೆಗೆ ಆಗತಾನೇ ಭಟ್ಟಿಯಿಂದ ತೆಗೆದ ಇಟ್ಟಂಗಿಯಂತಿದ್ದ.

"ಬಾರೋ ಗನಿ, ಕುಂದ್ರು. ಏನಿದು ಅವತಾರ?" ಎಂದ ಉಳವಪ್ಪ.

"ನಾಳೆ ಗೈಡ್ ಬರ್ತಾರೋ. ನನ್ನ ನೊಣ ಅದಾವಿಲ್ಲೋ, ಅಷ್ಟ ಹೇಳು!"

"ಅದಾವಿಲ್ಲೋ ಅಂತೀಯಲ್ಲ? ಒಂದು ಬಾಟಲಿ ಹೋಗಿ ಹತ್ತಾಗ್ಯಾವ!"

ಕಪಾಟು ತೆರೆದ. ಒಳಗೆ ನೊಣಗಳ ಸಂತೆಯೇ ನೆರೆದಿತ್ತು. ಗನಿ ಗೆಳೆಯನನ್ನು ತಬ್ಬಿಕೊಂಡು ಅತ್ತೇಬಿಟ್ಟ.

"ಖರೇ ಹೇಳ್ತೀನಿ, ನೀ ಕೊಟ್ಟಿದ್ದು ಭಾಳ ಕೆಟ್ಟ ತಳಿ," ಎಂದ ಉಳವಪ್ಪ, ಗನಿಯ ಬೆನ್ನ ಮೇಲಿನ ಕೆಂಪು ಧೂಳು ಕೊಡವುತ್ತ. "ನಾಕು ತತ್ತಿಯೊಳಗ ಒಂದು ಅಲ್ಲೇ ಸಾಯ್ತಿತ್ತು. ನನಗ ಜೀವ ತಡೀಲಿಲ್ಲ. ಒಂದೊಂದು ಜೋಡಿ ಬ್ಯಾರೆ ಇಟ್ಟೆ. ತತ್ತಿ ಎಲ್ಲಾ ಒಡದು ಮರಿ ಆದ ಜೋಡಿ ಅಷ್ಟ ಉಳಿಸಿ, ಬಾಕಿ ಒಲಿಗೆ ಹಾಕಿದೆ. ಪೀಳಿಗಿ ಮ್ಯಾಲ ಪೀಳಿಗಿ ಹಿಂಗ ಮಾಡೀನಿ. ಈಗ ನೋಡು, ಒಂದರೆ ಸಾಯ್ತೈತೇನು? ಗೈಡ್‌ಗೆ ತೋರಿಸು, ಬೆನ್ನು ತಟ್ತಾರ!"

ಗನಿಯ ತೋಳು ಸಡಿಲಾಯಿತು. ಹುಡುಕಿ ಹಿಡಿದ ಆ ಕೆಟ್ಟ ಜೀನು ಹತ್ತು ಬಾಟಲಿಗಳಲ್ಲಿ ಒಂದರಲ್ಲೂ ಉಳಿದಿರಲಿಲ್ಲ; ಗೆಳೆಯನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.

ಉಳವಪ್ಪ ಅದನ್ನು ಕೃತಜ್ಞತೆಯೆಂದೇ ತಿಳಿದು, ಇನ್ನೆರಡು ಬಾಟಲಿ ಹೆಚ್ಚಿಗೆ ಕಟ್ಟಿಕೊಟ್ಟ.