ಎರಡನೇ ಗೇರಿಗೆ ಬಾಣಂತಿ ಎಣ್ಣೆ

ಡ್ರೈವರ್ ಷಡಕ್ಷರಿಯ ಬಸ್ಸಿಗೆ ಎರಡನೇ ಗೇರು ಹಾಕಿದರೆ ಈಯುವ ಎಮ್ಮೆಯ ಹಾಗೆ ಕೂಗುತ್ತಿತ್ತು. ಮೂರು ತಿಂಗಳಿಂದ ಅರಕಲಗೂಡಿನ ಜನಕ್ಕೆ ಅದು ಅಭ್ಯಾಸವಾಗಿಹೋಗಿತ್ತು. ಬಸ್ಸಿನ ಧಣಿ ಪಂಚಾಕ್ಷರಯ್ಯನವರಿಗೆ ಎಷ್ಟು ಸಲ ಹೇಳಿದರೂ ಅವರು ನಿಧಾನವಾಗಿ ವಿಭೂತಿ ಹಚ್ಚಿಕೊಳ್ಳುತ್ತಾ, "ಯುದ್ಧದ ಕಾಲ ಕಣಯ್ಯ, ಗೇರೆಣ್ಣೆ ಎಲ್ಲಿ ಸಿಕ್ತದೆ? ಕೂಗಿದ್ರೆ ಕೂಗ್ಲಿ ಬುಡು," ಅನ್ನುತ್ತಿದ್ದರು.

ಆ ಸೋಮವಾರದ ಮಾತು ಬೇರೆ. ಜಿಲ್ಲೆಯ ಬಸ್ಸುಗಳನ್ನೆಲ್ಲ ಹನ್ನೊಂದು ಗಂಟೆಗೆ ಹಾಸನದಲ್ಲಿ ಸಾಲಾಗಿ ನಿಲ್ಲಿಸಬೇಕು, ಬೆಂಗಳೂರಿನ ಸಾಹೇಬರೊಬ್ಬರು ಓಡಿಸಿ ನೋಡುತ್ತಾರೆ ಎಂದು ಅಪ್ಪಣೆಯಾಗಿತ್ತು. ಧಣಿಗಳು, "ಗಾಡೀನ ಇರೋ ಅಂಗೇ ತಂದು ನಿಲ್ಸು," ಎಂದಷ್ಟೇ ಹೇಳಿ ಹಿಂದಿನ ದಿನವೇ ಹಾಸನ ಸೇರಿದ್ದರು. ಯಾಕೆ ನೋಡುತ್ತಾರೆಂದು ಷಡಕ್ಷರಿಗೆ ಯಾರೂ ಹೇಳಲಿಲ್ಲ. ಅವನೇ ಲೆಕ್ಕ ಹಾಕಿಕೊಂಡ: ಗೇರು ಕೂಗಿದರೆ ಪರ್ಮಿಟ್ ರದ್ದು, ಪರ್ಮಿಟ್ ಹೋದರೆ ತನ್ನ ಕೆಲಸವೂ ಹೋಯಿತು. ಮನೆಯಲ್ಲಿ ಹೆಂಡತಿ ನೀಲಾಂಬಿಕೆಗೆ ಏಳು ತಿಂಗಳು. ಪಾಪ, ಅವನಿಗೆ ನಿಜವಾಗಿ ಭಯವಾಗಿತ್ತು.

ದಾರಿಯ ಮೊದಲ ಏರಿನಲ್ಲೇ ಎರಡನೇ ಗೇರು ಬೀಳಲೇ ಇಲ್ಲ. ಬಸ್ಸು ನಿಂತಿತು. ಷಡಕ್ಷರಿ ಕೆಳಗೆ ತೂರಿದ. ಪ್ರಯಾಣಿಕರೆಲ್ಲ ಇಳಿದು ಸುತ್ತ ಬಗ್ಗಿ ನಿಂತರು. ಕಾಯಿಲೆ ಎರಡಿದ್ದವು. ಕ್ಲಚ್ಚಿನ ಸರಳು ಸಡಿಲವಾಗಿತ್ತು. ಅದರ ತಿರುಪನ್ನು ಎರಡು ಸುತ್ತು ಬಿಗಿ ಮಾಡಿದ. ಗೇರಿನ ಪೆಟ್ಟಿಗೆಯ ಪಕ್ಕದ ಬಿರಡೆ ಬಿಚ್ಚಿ ಬೆರಳಾಡಿಸಿದರೆ, ಎಣ್ಣೆ ತಳ ಕಂಡಿತ್ತು. ಇದಕ್ಕೆ ಮಾತ್ರ ಅವನಲ್ಲಿ ಮದ್ದಿರಲಿಲ್ಲ.

ಮದ್ದು ಹೇಳುವವರಿಗೇನು ಬರವೇ? ರುದ್ರಪಟ್ಟಣದ ಪಿಟೀಲು ವಿದ್ವಾಂಸರು, "ಎರಡನೆಯದು ಅಪಸ್ವರ. ಮೂರನೆಯದು ಪರವಾಗಿಲ್ಲ, ಅದರಲ್ಲೇ ಹೋಗಿಬಿಡಿ," ಎಂದರು. ದಾರಿಯಲ್ಲಿ ಎತ್ತಿನ ಗಾಡಿ ನಿಲ್ಲಿಸಿಕೊಂಡು ನೋಡುತ್ತಿದ್ದ ಬೈರಯ್ಯ, ಗಾಡಿಯ ಕೆಳಗೆ ತೂಗುಬಿಟ್ಟಿದ್ದ ಬಿದಿರಿನ ಅಂಡೆ ಬಿಚ್ಚಿ ತಂದ.

"ತಕ್ಕೊಳ್ಲಾ, ಕೀಲೆಣ್ಣೆ. ನನ್ನ ಗಾಲಿ ಏನಾರ ಕೂಗ್ತಾವಾ ಕೇಳು."

"ಬ್ಯಾಡ ಬೈರಣ್ಣ. ಅದ್ರಲ್ಲಿ ಹುಲ್ಲು ಸುಟ್ಟ ಬೂದಿ ಅದೆ. ಗೇರಿಗೆ ಹಲ್ಲವೆ, ಬೂದಿ ಅವನ್ನ ತಿಂದ್ಬುಡ್ತದೆ."

"ದಿನಾ ಬೂದೀಲೇ ಉಜ್ಜಿ ನಮ್ಮಪ್ಪಂಗೆ ತೊಂಬತ್ತಾದ್ರೂ ಒಂದಲ್ಲು ಅಲ್ಲಾಡ್ಲಿಲ್ಲ ಕಣ್ಲಾ!"

ಅಷ್ಟರಲ್ಲಿ ಷಡಕ್ಷರಿಯ ಕಣ್ಣು ಬಸ್ಸಿಳಿದು ಕಲ್ಲಿನ ಮೇಲೆ ಕೂತಿದ್ದ ಬಸವಲಿಂಗಮ್ಮನವರ ತೊಡೆಯ ಮೇಲಿದ್ದ ಡಬ್ಬದ ಮೇಲೆ ಬಿತ್ತು. ಹಾಸನದಲ್ಲಿರುವ ಬಾಣಂತಿ ಮಗಳಿಗೆಂದು ಅವರೇ ಕಾಯಿಸಿದ ಅಪ್ಪಟ ಹರಳೆಣ್ಣೆ. ಬಸ್ಸಿನವರೆಲ್ಲ ಡಬ್ಬವನ್ನೇ ನೋಡಿದರು. ಅವರು ಅದನ್ನು ಸೆರಗಿನೊಳಕ್ಕೆ ಎಳೆದುಕೊಂಡರು.

"ಮೂರು ತಿಂಗ್ಳು ನೆತ್ತಿಗಿಡೋ ಎಣ್ಣೆ ಕಣಪ್ಪ! ಮೋಟಾರಿಗೆ ಉಯ್ಯಕ್ಕಾ?"

"ಅವ್ವಾ, ನನ್ನ ಹೆಂಡ್ತಿಗೂ ಏಳು ತಿಂಗ್ಳು," ಎಂದ ಷಡಕ್ಷರಿ. "ಇವತ್ತು ಇದು ಕೂಗಿದ್ರೆ ನನ್ನ ಕೆಲ್ಸ ಓಯ್ತದೆ. ಅವಳ ಬಾಣಂತನ ಯಾರು ಮಾಡ್ಬೇಕು?"

ಬಸವಲಿಂಗಮ್ಮ ಸೆರಗು ಸರಿಸಿ ಡಬ್ಬವನ್ನು ಹೊರತೆಗೆದರು. ಅದನ್ನು ಮುಂದೆ ಚಾಚಿ, "ಉಯ್ಕೋ. ತಳದಲ್ಲಿ ಒಂದಿಷ್ಟು ಉಳಿಸು," ಎಂದರು. ಬಾಳೆಲೆ ಸುರುಳಿ ಮಾಡಿ, ಬಿರಡೆಯ ಮಟ್ಟಕ್ಕೆ ಬಂದು ಜಿನುಗುವವರೆಗೆ ಷಡಕ್ಷರಿ ಹುಯ್ದ. ಪೂಜೆಗೆ ಕೂತವನಷ್ಟು ಭಕ್ತಿಯಿತ್ತು ಅವನ ಕೈಯಲ್ಲಿ.

ಬಸ್ಸು ಹೊರಟರೆ ಸದ್ದೇ ಇಲ್ಲ. ಹಿಂದಿನ ಸೀಟಿನವರು ಗಾಬರಿಯಾಗಿ, "ನಿಂತದಾ, ಓಡ್ತದಾ?" ಎಂದು ಕೇಳಿದರು.

ಹಾಸನದಲ್ಲಿ ಬಸ್ಸುಗಳು ಒಂದಕ್ಕಿಂತ ಒಂದು ಜೋರಾಗಿ ನರಳುತ್ತಿದ್ದವು. ಸಾಹೇಬರು ಷಡಕ್ಷರಿಯ ಬಸ್ಸು ಹತ್ತಿ ಒಂದು ಸುತ್ತು ಹೋಗಿಬಂದು, "ಫಸ್ಟ್ ಕ್ಲಾಸ್!" ಎಂದು ಬೆನ್ನು ತಟ್ಟಿದರು. ಷಡಕ್ಷರಿ ನಗುತ್ತಾ ಧಣಿಗಳತ್ತ ತಿರುಗಿದ. ಪಂಚಾಕ್ಷರಯ್ಯನವರ ಮುಖ ಹಣೆಯ ವಿಭೂತಿಗಿಂತ ಬಿಳಿಚಿಕೊಂಡಿತ್ತು.

"ಏನ್ಲಾ ಮಾಡ್ದೆ ಅದಕ್ಕೆ?"

"ಹರಳೆಣ್ಣೆ ಹಾಕ್ದೆ ಯಜಮಾನ್ರೆ. ಪರ್ಮಿಟ್ಟು ಉಳೀತಲ್ಲ!"

"ಪರ್ಮಿಟ್ಟಲ್ಲ ಕಣ್ಲಾ ಮೂಳ! ಚೆನ್ನಾಗಿರೋ ಗಾಡೀನ ಯುದ್ಧಕ್ಕೆ ಅಂತ ದಂಡಿನೋರು ಹಿಡ್ಕೊಂಡು ಓಯ್ತಾವ್ರೆ. ಕೂಗ್ಲಿ ಅಂತ್ಲೇ ಮೂರು ತಿಂಗ್ಳಿಂದ ಒಂದು ತೊಟ್ಟು ಎಣ್ಣೆ ತೋರಿಸ್ದೆ ಇದ್ನಲ್ಲೋ! ನಿನಗೆ ಯೋಳಿದ್ರೆ ಬಸ್ಸಿಗೆಲ್ಲ ಡಂಗೂರ ಸಾರ್ತೀಯ ಅಂತ ಸುಮ್ಕಿದ್ದೆ."

ಅಷ್ಟೂ ಬಸ್ಸುಗಳಲ್ಲಿ ಸಾಹೇಬರು ಆರಿಸಿದ್ದು ಅದೊಂದನ್ನೇ. ಖಾಕಿ ತೊಟ್ಟ ಡ್ರೈವರೊಬ್ಬ ಬಂದು ಕೂತು ಬಸ್ಸನ್ನು ಹೊರಡಿಸಿಯೇಬಿಟ್ಟ. ದಿಬ್ಬ ಹತ್ತುವಾಗ ಷಡಕ್ಷರಿಗೆ ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಕಿವಿಗೊಟ್ಟ.

"ಕೇಳಿದ್ರಾ ಯಜಮಾನ್ರೆ? ಎರಡ್ನೇದಕ್ಕೆ ಬಿದ್ದದ್ದೇ ಗೊತ್ತಾಗ್ಲಿಲ್ಲ."

ಪಂಚಾಕ್ಷರಯ್ಯನವರು ಚಪ್ಪಲಿ ಕಳಚಿ ಕೈಗೆತ್ತಿಕೊಂಡರು. ಹೊಡೆಯುವುದಕ್ಕೋ, ಅರಕಲಗೂಡಿಗೆ ನಡೆದು ಹೋಗುವುದಕ್ಕೋ ಎಂದು ಕಾದು ನೋಡುವ ಧೈರ್ಯ ಷಡಕ್ಷರಿಗಿರಲಿಲ್ಲ.